ನಾಲ್ಕನೆಯ ಖೋಲಿಯ ಕರಾರು

ನಾನು ಬಾಂಡ್ ಬರೆಯುವವನು. ಹೆಸರು ವಿರೂಪಾಕ್ಷಪ್ಪ. ಗದಗಿನ ತಹಶೀಲ್ದಾರ ಕಚೇರಿಯ ಎದುರು ತಗಡಿನ ಪತ್ರಾಸು ಹೊದಿಸಿದ ಸಣ್ಣ ಅಂಗಡಿಗಳ ಸಾಲೊಂದಿದೆ, ಅದರಲ್ಲಿ ಮೂರನೆಯದು ನನ್ನದು. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಬಂದಿದೆ, ಬೆನ್ನುನೋವು ಮಾತ್ರ ಹಳೆಯದೇ. ಮೂವತ್ತೆರಡು ವರ್ಷಗಳಲ್ಲಿ ಸಾವಿರಾರು ಮನೆ ಬಾಡಿಗೆಯ ಕರಾರುಪತ್ರ ಬರೆದಿದ್ದೇನೆ. ಎಲ್ಲವೂ ಹನ್ನೊಂದು ತಿಂಗಳಿನವು. ಹನ್ನೆರಡಾದರೆ ನೋಂದಣಿ ಮಾಡಿಸಬೇಕು, ನೋಂದಣಿಗೆ ಖರ್ಚು. ಅದಕ್ಕೇ ಬಾಡಿಗೆ ಮನೆಯಲ್ಲಿರುವವರ ವರ್ಷಕ್ಕೆ ಹನ್ನೊಂದೇ ತಿಂಗಳು.

ಮನೆ ಮಾಲೀಕರೆಂದರೆ ನನಗೆ ಅಷ್ಟಕ್ಕಷ್ಟೆ. ಎದುರಿಗೆ ಕೂತು ಅವರು ಬರೆಸುವ ಷರತ್ತು ಕೇಳಿದರೆ ನಿಮಗೂ ಹಾಗೇ ಅನಿಸುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದು. ಬೀಗರು ಬಂದರೆ ಮೂರು ದಿನಕ್ಕಿಂತ ಹೆಚ್ಚು ಇರಬಾರದು. ಒಬ್ಬ ಪುಣ್ಯಾತ್ಮ, ಬಾಡಿಗೆದಾರರ ಕೂಸು ಅಳಬಾರದು ಎಂದು ಬರೆಸಲು ಬಂದಿದ್ದ. "ಕೂಸಿನ ಸಹಿ ಯಾರ ಹಾಕ್ತಾರ?" ಎಂದು ಕೇಳಿ ಎಬ್ಬಿಸಿ ಕಳಿಸಿದೆ.

ದಾವಲಬಿ ಆ ಪೈಕಿಯಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯ ಹಿಂದಿನ ಓಣಿಯೇ ಆಕೆಯದು. ಗಂಡ ಮಹಬೂಬಸಾಬ ಸೀರೆ ನೇಯುತ್ತಿದ್ದ. ಮನೆಗೆ ಅಂಟಿಕೊಂಡಂತೆ ಉದ್ದನೆಯ ಶೆಡ್ಡು, ಅದರೊಳಗೆ ನೆಲ ತೋಡಿ ಕೂರಿಸಿದ ನಾಲ್ಕು ಕುಣಿಮಗ್ಗ. ಆತ ತೀರಿಕೊಂಡ ಮೇಲೆ ಮಗ್ಗಗಳನ್ನು ಕೇಳುವವರು ಯಾರೂ ಬರಲಿಲ್ಲ. ಮಗಳು ಅಫ್ರೀನಳನ್ನು ಆಗಲೇ ಲಕ್ಷ್ಮೇಶ್ವರಕ್ಕೆ ಕೊಟ್ಟಾಗಿತ್ತು. ಒಬ್ಬಳೇ ಹೆಂಗಸು, ಕೈಯಲ್ಲಿ ಬೇರೆ ಕಸುಬಿಲ್ಲ. ಸೊಸೈಟಿಯಲ್ಲಿ ಮೂರು ಲಕ್ಷ ಸಾಲ ತೆಗೆದು, ಕುಣಿಗಳಿಗೆ ಮಣ್ಣು ತುಂಬಿಸಿ, ನಡುವೆ ಗೋಡೆ ಎಬ್ಬಿಸಿ, ಶೆಡ್ಡನ್ನು ನಾಲ್ಕು ಖೋಲಿ ಮಾಡಿದಳು. ಬಾಡಿಗೆಯಿಂದ ಸಾಲದ ಕಂತು, ಮನೆಪಟ್ಟಿ, ನೀರಿನ ಪಟ್ಟಿ, ತನ್ನ ಹೊಟ್ಟೆ. ಅಚ್ಚುಕಟ್ಟಾದ ಹೆಂಗಸು. ನೀರಿನ ಟಾಕಿಯನ್ನು ತಾನೇ ಇಳಿದು ತೊಳೆಯುತ್ತಿದ್ದಳು. ಹತ್ತು-ಹನ್ನೆರಡು ದಿನಕ್ಕೊಮ್ಮೆ ನಳ ಬಂದಾಗ, ಕೂಸು ಇದ್ದವರ ಮನೆಗೆ ಮೊದಲ ಪಾಳಿ ಎಂದು ತಾನೇ ನಿಂತು ಕೊಡಿಸುತ್ತಿದ್ದಳು. ನಾನು ಮೆಚ್ಚಿದ ಮಾಲೀಕರನ್ನು ಎಣಿಸಲು ಒಂದು ಕೈ ಸಾಕು, ಅದರಲ್ಲಿ ಒಂದು ಬೆರಳು ಆಕೆಯದು.

ಆಕೆ ಮಾಡಿದ ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಮಹಬೂಬಸಾಬ ಬದುಕಿದ್ದಾಗ ನೂಲು ಸುತ್ತುವ ಯಂತ್ರಕ್ಕೆಂದು ಕರೆಂಟು ತೆಗೆದುಕೊಂಡು, ನಾಲ್ಕನೆಯ ಮಗ್ಗದ ಪಕ್ಕದಲ್ಲಿ ಅರ್ಥಿಂಗಿನ ಕುಣಿ ತೋಡಿಸಿದ್ದ. ಇದ್ದಿಲು, ಉಪ್ಪು ಹಾಕಿ ಪೈಪು ನೆಡಿಸಿ, ಇಡೀ ಮನೆಯ ತಂತಿಯನ್ನು ಅದಕ್ಕೆ ಕಟ್ಟಿಸಿದ್ದ. ಪ್ರತಿ ಶುಕ್ರವಾರ ನಮಾಜಿನಿಂದ ಬಂದವನೇ ಅಲ್ಲಿನ ಮಣ್ಣು ಒಣಗಬಾರದೆಂದು ಒಂದು ಕೊಡ ನೀರು ಆ ಪೈಪಿನ ಬುಡಕ್ಕೆ ಹಾಕುತ್ತಿದ್ದ. "ಕಬ್ಬಿಣ ಚಿಗರತೈತೇನ್ ಸಾಬ್ರ?" ಎಂದು ನಾವು ಕಾಡಿಸುತ್ತಿದ್ದೆವು. ಆತ ಹೋದ ಮೇಲೆ ನೀರು ಹಾಕುವವರಿರಲಿಲ್ಲ. ಖೋಲಿಗೆ ಟೈಲ್ಸ್ ಹಾಕುವಾಗ ಗೌಂಡಿ ಅಯ್ಯೂಬ ಕೇಳಿದನಂತೆ:

"ಚಾಚಿ, ಈ ಪೈಪ್ ನಟ್ಟನಡುವ ಬರ್ತೈತಿ. ಹಿತ್ತಲಕ ಒಯ್ಯಬೇಕಂದ್ರ ಹೊಸಾ ಕುಣಿ ತೋಡಬೇಕು. ಎಲ್ಲಾ ಸೇರಿ ನಾಕೂವರಿ ಸಾವಿರ ಆಗ್ತೈತಿ."

"ಇದನ್ನ ತಗದ್ರ ಲೈಟ್ ಹತ್ತೂದಿಲ್ಲೇನು?"

"ಹತ್ತತಾವ್ರಿ."

"ಫ್ಯಾನ್?"

"ಅದೂ ತಿರಗತೈತಿ."

"ಮತ್ತ್ಯಾಕ ಬೇಕದು? ಕಡದ ಮುಚ್ಚು."

ಅಯ್ಯೂಬ ತಂತಿ ಕತ್ತರಿಸಿದ, ಪೈಪನ್ನು ನೆಲಮಟ್ಟಕ್ಕೆ ಕುಯ್ದ, ಮೇಲೆ ಟೈಲ್ಸ್ ಕೂರಿಸಿದ. ಲೈಟು ಹತ್ತಿದವು, ಫ್ಯಾನು ತಿರುಗಿದವು. ಸ್ವಿಚ್ ಬೋರ್ಡಿನಲ್ಲಿ ಮೂರು ತೂತು ಮೂರೂ ಇದ್ದವು. ಅರ್ಥಿಂಗಿನದಾದ ಮೂರನೆಯದರ ಹಿಂದೆ ಏನೂ ಇಲ್ಲ ಎಂಬುದು ಹೊರಗಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಆ ನಾಲ್ಕನೆಯ ಖೋಲಿಗೆ ಬಂದವರು ಮೌನೇಶ ಮತ್ತು ಸುಶ್ಮಿತಾ. ಮೌನೇಶ ಬಡಿಗ, ಬೆಟಗೇರಿಯ ಒಂದು ವರ್ಕ್‌ಶಾಪಿನಲ್ಲಿ ಬಾಗಿಲು, ಮಂಚ ಮಾಡುತ್ತಾನೆ. ಸುಶ್ಮಿತಾ ಮುಂಡರಗಿಯ ಹುಡುಗಿ. ಐದು ವರ್ಷದ ಮಗಳು. ಕರಾರಿಗೆಂದು ಮೂವರೂ ದಾವಲಬಿಯ ಜೊತೆ ನನ್ನ ಅಂಗಡಿಗೆ ಬಂದಿದ್ದರು. ನಾನು ಎಲ್ಲರಿಗೂ ಬರೆಯುವ ಸಾಲನ್ನೇ ಬರೆದೆ: "ಸದರಿ ಮನೆಯ ವಿದ್ಯುತ್ ಜೋಡಣೆ, ನಳ, ಬಾಗಿಲು, ಕಿಟಕಿಗಳೆಲ್ಲ ಸುಸ್ಥಿತಿಯಲ್ಲಿದ್ದು, ಬಾಡಿಗೆದಾರರು ಅವುಗಳನ್ನು ಖುದ್ದು ಪರಿಶೀಲಿಸಿ ವಶಕ್ಕೆ ಪಡೆದಿರುತ್ತಾರೆ." ಮೂವತ್ತೆರಡು ವರ್ಷ ಬರೆದ ಸಾಲು. ಒಂದು ಮನೆಯನ್ನೂ ನಾನು ಹೋಗಿ ನೋಡಿದವನಲ್ಲ. ಮೌನೇಶ ಓದದೆ ಸಹಿ ಹಾಕಿದ. ಸುಶ್ಮಿತಾ ಮಾತ್ರ ಸಾಕ್ಷಿ ಸಹಿ ಹಾಕುವ ಮೊದಲು ಬೆರಳಿಟ್ಟು ಓದಿದಳು.

"ಖುದ್ದು ಪರಿಶೀಲಿಸಿ ಅಂದ್ರ ನಾವು ಎಲ್ಲಾ ನೋಡಬೇಕೇನ್ರಿ ಕಾಕಾ?"

"ಅದು ಎಲ್ಲಾರ ಕಾಗದದಾಗೂ ಇರ್ತೈತಿ ತಂಗಿ. ಸುಮ್ನ ಒಂದ್ ಸಾಲು," ಎಂದೆ. ಊಟದ ಹೊತ್ತಾಗಿತ್ತು, ನನಗೆ ಗಡಿಬಿಡಿ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಳ ಬಂತು. ನಮ್ಮಲ್ಲಿ ನಳ ಬಂತೆಂದರೆ ಓಣಿಗೆ ಓಣಿಯೇ ಗುಂಯ್‌ಗುಡುತ್ತದೆ, ಎಲ್ಲರೂ ನಳಕ್ಕೆ ಮೋಟರ್ ಹಚ್ಚಿ ಎಳೆಯುತ್ತಾರೆ. ಹಚ್ಚಬಾರದು ಎಂದು ಎಲ್ಲರಿಗೂ ಗೊತ್ತು, ಹಚ್ಚದಿದ್ದರೆ ಕೊಡ ತುಂಬುವಷ್ಟು ನೀರೂ ಸಿಗುವುದಿಲ್ಲ ಎಂಬುದೂ ಗೊತ್ತು. ಮೌನೇಶ ಹಳೆಯ ಸಾಮಾನಿನವರ ಹತ್ತಿರ ಹನ್ನೆರಡು ನೂರಕ್ಕೆ ಮೋಟರ್ ತಂದಿದ್ದ. ಅದರ ಮೈಗೆ ಕರೆಂಟು ಇಳಿಯುತ್ತಿತ್ತು. ಸುಶ್ಮಿತಾ ಒದ್ದೆ ಕೈಯಲ್ಲಿ ಅದನ್ನು ಸರಿಸಲು ಹಿಡಿದಳು. ದಾವಲಬಿ ಓಡಿಬಂದು ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮಗಳು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು.

ವಿಚಾರಣೆಗೆ ಬಂದ ಪೊಲೀಸರು ಮೋಟರ್ ನೋಡಿದರು, ನಾನು ಬರೆದ ಕರಾರು ನೋಡಿದರು. ಕಾಗದದಲ್ಲಿ ಎಲ್ಲವೂ ಸುಸ್ಥಿತಿಯಲ್ಲಿತ್ತು, ಕೆಳಗೆ ಮೌನೇಶನ ಸಹಿ ಇತ್ತು. ಕೆಟ್ಟ ಮೋಟರಿನಿಂದ ಆದ ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಮಣ್ಣು ಮಾಡಿದ ದಿನ ಸುಶ್ಮಿತಾಳ ತಾಯಿ ಬಸವಣ್ಣೆವ್ವ ಅಳಿಯನ ಮುಂದೆ ನಿಂತು ಅಂದಳು:

"ಹನ್ನೆರಡ ನೂರ ರೂಪಾಯಿ ಮೋಟರ್ ತಂದು ನನ್ನ ಮಗಳನ್ನ ಕೊಂದಿ. ಏಳೇಳು ಜನ್ಮ ಆಕಿ ನಿನ್ನ ಕ್ಷಮಾ ಮಾಡಂಗಿಲ್ಲ. ಈ ಕೂಸು ನಿನ್ನ ಕೈಯಾಗ ಉಳಿಯಂಗಿಲ್ಲ."

ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಮುಂಡರಗಿಗೆ ಹೋದಳು.  ಅತ್ತೆ ಹೇಳಿದ್ದನ್ನು ಮೌನೇಶನೂ ನಂಬಿದ್ದ. ಅಷ್ಟೇ ಅಲ್ಲ, ನಾಲ್ಕು ದಿನ ಬಿಟ್ಟು ದಾವಲಬಿಯ ಬಾಗಿಲಿಗೆ ಬಂದು ಕೈ ಜೋಡಿಸಿದ.

"ಚಾಚಿ, ನಿಮ್ಮ ಮನಿಗೆ ಕೆಟ್ಟ ಹೆಸರ ತಂದೆ. ತಪ್ಪಾತ್ರಿ."

ವಾರ ಕಳೆದು ದಾವಲಬಿ ಉಳಿದ ಖೋಲಿಗಳ ವೈರಿಂಗ್ ನೋಡಿಸಲು ಕರೆಂಟಿನ ಕೆಲಸದ ರಫೀಕನನ್ನು ಕರೆಸಿದಳು. ರಫೀಕ ಬಲ್ಬ್ ಹಿಡಿದು ಬೋರ್ಡಿನಿಂದ ಬೋರ್ಡಿಗೆ ತಿರುಗಿ, ಕೊನೆಗೆ ಕೇಳಿದ: "ಚಾಚಿ, ಅರ್ಥಿಂಗ್ ಎಲ್ಲೈತಿ? ಇಡೀ ಮನಿಗೆ ಅರ್ಥಿಂಗೇ ಇಲ್ಲ. ಅದು ಇದ್ದಿದ್ರ ಫ್ಯೂಜ್ ಹಾರತಿತ್ತು, ಆಕಿ ಉಳೀತಿದ್ಲು." ದಾವಲಬಿ ಆ ದಿನ ಊಟ ಮಾಡಲಿಲ್ಲ. ಮರುದಿನ ಅವನ ಕೈಯಿಂದಲೇ ಅಂಗಳದ ಮೂಲೆಯಲ್ಲಿ ಹೊಸ ಅರ್ಥಿಂಗ್ ಹಾಕಿಸಿದಳು. ಯಾರಿಗೂ ಹೇಳಬೇಡ ಎಂದಳು. ಲಕ್ಷ್ಮೇಶ್ವರಕ್ಕೆ ಹೋಗಿ ಮಗಳ ಮುಂದೆ ಬಾಯಿ ಬಿಟ್ಟಳಂತೆ. "ಅಮ್ಮಿ, ಬಾಯಿ ಮುಚ್ಚಿಕೊಂಡಿರು. ಜೈಲಿಗೆ ಹೋಗ್ತಿ. ನನ್ನ ಅತ್ತಿ-ಮಾವ ನನ್ನ ಏನಂತಾರ?" ಎಂದು ಅಫ್ರೀನ ಅತ್ತಳು. ದಾವಲಬಿ ಬಾಯಿ ಮುಚ್ಚಿಕೊಂಡು ವಾಪಸು ಬಂದಳು.

ಬಾಯಿ ಮುಚ್ಚಿದರೆ ಆಯಿತೇ. ಮುಂದಿನ ಸಲ ನಳ ಬಂದಾಗ, ಓಣಿಯ ಮೋಟರುಗಳೆಲ್ಲ ಗುಂಯ್ ಎಂದವು. ದಾವಲಬಿ ನೆಟ್ಟಗೆ ಹೋಗಿ ಇಡೀ ಮನೆಯ ಮೇನ್ ಸ್ವಿಚ್ ಎಳೆದಳು, ಮೀಟರ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಳು. ಹೊಸ ಅರ್ಥಿಂಗ್ ಆಗಿದೆ, ಎಲ್ಲ ಸರಿ ಇದೆ ಎಂದು ರಫೀಕ ಹೇಳಿದ್ದ. ಆದರೂ ಆಕೆಗೆ ಆ ಸದ್ದಿನೊಳಗೆ, ಆ ದಿನ ಕೇಳಿದಂತೆಯೇ, ಕೊಡವೊಂದು ನೆಲಕ್ಕೆ ಬಿದ್ದು ಉರುಳುವುದು ಕೇಳುತ್ತಿತ್ತು. ಪ್ರತಿ ಸಲ, ಅದೇ ಖೋಲಿಯಿಂದ. ಎದ್ದು ಹೋಗಿ ನೋಡಿದರೆ ಟೈಲ್ಸ್ ಒಣಗಿರುತ್ತಿದ್ದವು. ಬಾಡಿಗೆಯವರು ಸೊಂಟ ಬಗ್ಗಿಸಿ ತಂಬಿಗೆಯಲ್ಲಿ ನೀರು ತುಂಬಿಕೊಳ್ಳುತ್ತ ಬೈದರು, ಬೇಡಿಕೊಂಡರು. ಆಕೆ ಕೀಲಿ ಬಿಡಲಿಲ್ಲ.

ಮೂರನೆಯ ಖೋಲಿಯ ಮರಿಯವ್ವ ಎಂಬಾಕೆ ಇದಕ್ಕೆ ಅರ್ಥ ಹಚ್ಚಿದಳು: "ಸುಶ್ಮಿತಾ ನಳ ಬಂದಾಗೆಲ್ಲಾ ನೀರ ತುಂಬಾಕ ಬರ್ತಾಳ. ಚಾಚಿ ಕಣ್ಣಾರೆ ನೋಡ್ಯಾಳ, ಅದಕ್ಕ ಹಂಗ ಮಾಡ್ತಾಳ." ಓಣಿಗೆ ಇಷ್ಟು ಸಾಕಾಯಿತು. ಒಬ್ಬರು ಬಳೆ ಸದ್ದು ಕೇಳಿದರು, ಇನ್ನೊಬ್ಬರು ಹಸಿರು ಸೀರೆ ಕಂಡರು. ಎರಡು ತಿಂಗಳಲ್ಲಿ ಮರಿಯವ್ವ ಖೋಲಿ ಬಿಟ್ಟಳು, ಆಮೇಲೆ ಉಳಿದಿಬ್ಬರೂ ಬಿಟ್ಟರು. ನಾನು ಒಮ್ಮೆ ಕಟಕಿಯಾಡಿದೆ, "ಏನ್ ದಾವಲಬಿ, ದೆವ್ವದ ಕಡಿಂದ ಎಷ್ಟ ಬಾಡಿಗಿ ತಗೋತಿ?" ಆಕೆ ನನ್ನ ಮುಖವನ್ನೇ ನೋಡಿದಳು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಈಗ ತಿಳಿಯುತ್ತದೆ, ದೆವ್ವದ ಸುದ್ದಿಯೇ ಆಗ ಆಕೆಗೆ ಆಸರೆಯಾಗಿತ್ತು. ಬಾಡಿಗೆ ಹೋದರೆ ಹೋಗಲಿ, ದೆವ್ವ ಇದೆ ಎಂದುಕೊಂಡಷ್ಟು ದಿನ ತಂತಿಯ ಬಗ್ಗೆ ಯಾರೂ ಕೇಳುವುದಿಲ್ಲವಲ್ಲ.

ಎಲ್ಲರೂ ಹೋದರೂ ಮೌನೇಶ ಹೋಗಲಿಲ್ಲ. ಐದನೆಯ ತಾರೀಖಿಗೆ ಬಾಡಿಗೆ ತಂದು ಕೊಡುತ್ತಿದ್ದ. ಆಕೆ ಬೇಡವೆಂದರೆ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದ. ಬೇರೆ ಕಡೆ ಖೋಲಿ ನೋಡಿಕೋ ಎಂದು ಆಕೆ ಹೇಳಿದ್ದಕ್ಕೆ ಅವನೆಂದದ್ದು ಇಷ್ಟು:

"ಮಂದಿ ಹೇಳತಾರ, ಆಕಿ ಬರ್ತಾಳಂತ. ನನಗ ಇನ್ನೂ ಕಂಡಿಲ್ಲ. ನಾ ಬಿಟ್ಟ ಹೋದ್ರ, ಆಕಿ ಬಂದಾಗ ಖೋಲ್ಯಾಗ ಯಾರ ಇರ್ತಾರ್ರಿ ಚಾಚಿ?"

ದಾವಲಬಿ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಐದು ತಿಂಗಳು ಕಳೆದಳು. ತಾನು ಸುಮ್ಮನಿದ್ದು ಸಾಕಿದ ಸುಳ್ಳನ್ನು ನಂಬಿ ಒಬ್ಬ ಮನುಷ್ಯ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದಾನೆ, ಅವನ ಮಗಳು ಮುಂಡರಗಿಯಲ್ಲಿ ಬೆಳೆಯುತ್ತಿದ್ದಾಳೆ. ಹಾಗೆಂದು ನಿಜ ಹೇಳಿದರೆ ಮನೆ, ಮಾನ, ಮಗಳ ಸಂಸಾರ, ಮೂರೂ ಹೋಗುವ ಹೆದರಿಕೆ. ಆಕೆ ಅರ್ಧ ಇಳಿದುಹೋದಳು. ನಾವು ದೆವ್ವ ಮೆಟ್ಟಿದೆ ಎಂದೆವು.

ಮಾರ್ಚ್ ತಿಂಗಳಲ್ಲಿ ಕರಾರು ಮುಗಿಯಲು ನಾಲ್ಕೈದು ದಿನ ಇರುವಾಗ ನಳ ಬಂತು. ಆಕೆ ಎಂದಿನಂತೆ ಮೇನ್ ಎಳೆದು ಕೂತಳು. ಸ್ವಲ್ಪ ಹೊತ್ತಿಗೆ ನಾಲ್ಕನೆಯ ಖೋಲಿಯಿಂದ ಕಬ್ಬಿಣ ಎಳೆಯುವ ಸದ್ದು ಬಂತು. ಈ ಸಲ ಅದು ಖರೆ ಸದ್ದು. ಹೋಗಿ ನೋಡಿದರೆ ಮೌನೇಶ ಅದೇ ಮೋಟರನ್ನು ಮಂಚದ ಕೆಳಗಿನಿಂದ ತೆಗೆದು, ಪ್ಲಗ್ ಚುಚ್ಚಿ, ಸ್ವಿಚ್ ಒತ್ತಿ, ಅದರ ಮೈಮೇಲೆ ಎರಡೂ ಒದ್ದೆ ಕೈ ಇಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಕೇಸು ಮುಗಿದ ಮೇಲೆ ಅವನಿಗೇ ವಾಪಸು ಕೊಟ್ಟಿದ್ದ ಮೋಟರ್.

"ಏನ್ ಮಾಡಾಕತ್ತೀಯೋ?" ಎಂದು ಆಕೆ ಕಿರುಚಿದಳು.

"ಏನಿಲ್ರಿ. ಆಕಿ ಎಲ್ಲಿ ಹಿಡಿದಿದ್ಲು ಅಂತ ನೋಡಾಕತ್ತಿದ್ದೆ," ಎಂದ. ತಲೆ ಎತ್ತಿ, ಬಲು ಮೆತ್ತಗೆ ಕೇಳಿದ: "ಕರೆಂಟ್ ಯಾವಾಗ ಬರ್ತೈತ್ರಿ ಚಾಚಿ?"

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ದಾವಲಬಿ ಬಂದು ನಿಂತಿದ್ದಳು. ಜೊತೆಗೆ ಮೌನೇಶ. ಕರಾರು ಮುಂದುವರಿಸುವುದಿದೆ ಎಂದು ಅವನಿಗೆ ಹೇಳಿ ಕರೆತಂದಿದ್ದಳು. ರಾತ್ರಿಯೆಲ್ಲ ಅವನ ಖೋಲಿಯ ಬಾಗಿಲಲ್ಲೇ ಕೂತಿದ್ದಳೆಂದು ಆಮೇಲೆ ತಿಳಿಯಿತು. ಅವನನ್ನು ಚಹಾ ತರಲು ಕಳಿಸಿ ಆಕೆ ನನ್ನ ಎದುರಿನ ಬೆಂಚಿನ ಮೇಲೆ ಕೂತಳು, ಎಲ್ಲವನ್ನೂ ಹೇಳಿದಳು. ಪೈಪು, ಅಯ್ಯೂಬ, ನಾಕೂವರಿ ಸಾವಿರ, ರಫೀಕ, ನಿನ್ನೆ ಖೋಲಿಯಲ್ಲಿ ಕಂಡದ್ದು.

"ಇದನ್ನ ಬಾಂಡಿನ ಮ್ಯಾಲ ಬರೀರಿ ಅಣ್ಣಾರ. ಬಾಯಿಲೆ ಹೇಳಿದ್ರ ಅರ್ಧಾ ಹೇಳಿ ಬಿಟ್ಟಬಿಡ್ತೀನಿ, ನನಗ ನನ್ನ ಮ್ಯಾಲ ನೆಚ್ಚಿಗಿ ಇಲ್ಲ. ನೀವು ಮುಂಡರಗಿಗೆ ಬಂದು ಓದಬೇಕು."

ನಾನು ಸಿಟ್ಟಿಗೆದ್ದೆ. ನನ್ನ ಸ್ವಭಾವವೇ ಹಾಗೆ, ಹೆದರಿದಾಗ ಮೊದಲು ಸಿಟ್ಟು ಬರುತ್ತದೆ. "ತಲಿ ನೆಟ್ಟಗೈತೇನ್ ನಿಂದು? ಕೈಯಾರೆ ಬರಕೊಟ್ಟು ಜೈಲಿಗೆ ಹೊಂಟೀಯೇನು? ಕೇಸ್ ಮುಗದು ಎಂಟ ತಿಂಗಳಾತು. ಹುಡುಗನ್ನ ಡಾಕ್ಟರ್‌ಗೆ ತೋರಸೋಣು, ಹಿರಿಯಾರ ಕೂಡಿ ಕೂಸನ್ನ ಕೇಳೋಣು. ಇದೊಂದನ್ನ ಬಿಡು."

"ಹಿರಿಯಾರ ಏನಂತ ಕೇಳ್ತಾರ್ರಿ? ಅಂವ ಹೆಂಡತೀನ ಕೊಂದಿಲ್ಲ ಅಂತ ಯಾರ ಹೇಳಬೇಕು?"

ಕಂಪ್ಯೂಟರಿನಲ್ಲಿ ಹಳೆಯ ಕರಾರು ತೆರೆದೆ, ಹೆಸರು-ವಿಳಾಸ ಎತ್ತಿಕೊಳ್ಳಲೆಂದು. ಆ ಸಾಲು ಅಲ್ಲೇ ಇತ್ತು. ಖುದ್ದು ಪರಿಶೀಲಿಸಿ. ಅದರ ಮೇಲೆ ಓಡಾಡಿದ ಒಂದು ತೆಳ್ಳನೆಯ ಬೆರಳು ಕಣ್ಣಿಗೆ ಕಟ್ಟಿತು, ಕಾಕಾ ಎಂದದ್ದು ಕಿವಿಗೆ ಬಂತು. ಆ ಹುಡುಗಿ ಕೇಳಬೇಕಾದ್ದನ್ನು ಕೇಳಿದ್ದಳು. ಸುಮ್ಮನೆ ಒಂದು ಸಾಲು ಎಂದವನು ನಾನು. ಬರೆದೆ:

"ದಾವಲಬಿ ಕೋಂ ಮಹಬೂಬಸಾಬ ಆದ ನಾನು, ಸದರಿ ಮನೆಯ ಅರ್ಥಿಂಗ್ ತಂತಿಯನ್ನು ಖರ್ಚು ಉಳಿಸುವ ಸಲುವಾಗಿ ನನ್ನ ಮಾತಿನಿಂದಲೇ ಕತ್ತರಿಸಿ ಮುಚ್ಚಿಸಿದ್ದು ನಿಜ. ಅದನ್ನು ಬಾಡಿಗೆದಾರರಿಗೆ ತಿಳಿಸದೆ ಮನೆ ಕೊಟ್ಟಿದ್ದು ನಿಜ. ಸುಶ್ಮಿತಾ ಇವರ ಮರಣಕ್ಕೆ ಇದು ಕಾರಣ. ಅವರ ಪತಿ ಮೌನೇಶ ಇವರ ತಪ್ಪಲ್ಲ." ಕೆಳಗೆ ಆಕೆ ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ, ಅದರ ಮೇಲೆ ಒಂದು ಸಾಲು ನನ್ನದೂ ಸೇರಿಸಿದೆ: "ಮನೆಯನ್ನು ನೋಡದೆ ಸುಸ್ಥಿತಿಯಲ್ಲಿದೆ ಎಂದು ಬರೆದವನು."

ಮುಂಡರಗಿಯ ಬಸ್ಸಿನಲ್ಲಿ ಮೂವರೂ ಕೂತೆವು. ಮಗಳನ್ನು ಕೇಳಲು ಹೊರಟಿದ್ದೇವೆಂದು ಮೌನೇಶನಿಗೆ ಹೇಳಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಅವನು ಮಗಳಿಗೆಂದು ಒಂದು ಬಿಸ್ಕಿಟ್ ಪುಡಿಕೆ ತೆಗೆದುಕೊಂಡಿದ್ದ, ದಾರಿಯುದ್ದಕ್ಕೂ ಅದನ್ನು ಮುರಿಯದಂತೆ ಎರಡೂ ಕೈಯಲ್ಲಿ ಹಿಡಿದಿದ್ದ.

ಬಸವಣ್ಣೆವ್ವ ಹಿಟ್ಟಿನ ಗಿರಣಿ ನಡೆಸುವಾಕೆ. ಹುಬ್ಬಿನ ಮೇಲೆಲ್ಲ ಹಿಟ್ಟು. ಅಳಿಯನನ್ನು ಕಂಡು ಮುಖ ತಿರುಗಿಸಿದಳು. "ಕೂಸು ಶಾಲಿಗೆ ಹೋಗೇತಿ. ಏನ್ ಹೇಳೂದೈತಿ ಹೇಳಿ ಹೊಂಡ್ರಿ," ಎಂದಳು. ನಾನು ಒಂದು ಕಾಗದ ಓದುವುದಿದೆ ಎಂದೆ. ಆಕೆ ಗಿರಣಿ ಬಂದ್ ಮಾಡಿದಳು. ಪಟ್ಟಾ ನಿಧಾನಕ್ಕೆ ತಿರುಗಿ ನಿಂತ ಮೇಲೆ ನನಗೆ ನನ್ನ ಉಸಿರು ಕೇಳಿಸತೊಡಗಿತು. ಎಷ್ಟೋ ಕಾಗದ ಬರೆದಿದ್ದೇನೆ, ಒಂದನ್ನೂ ಹೀಗೆ ನಿಂತು ಓದಿದವನಲ್ಲ.

"ಅರ್ಥಿಂಗ್ ತಂತಿಯನ್ನು" ಎಂಬಲ್ಲಿಗೆ ಬಂದಾಗ ಬಸವಣ್ಣೆವ್ವ ಕೈ ಎತ್ತಿದಳು. ಗಿರಣಿಯಾಕೆಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಅರ್ಥಿಂಗ್ ಇದ್ದಿದ್ದಿಲ್ಲಾ?"

"ಇತ್ತರಿ," ಎಂದಳು ದಾವಲಬಿ. "ನಾ ಕಡಿಸಿದೆ."

"ಎಷ್ಟ ಉಳಸೂ ಸಲುವಾಗಿ?"

"ನಾಕೂವರಿ ಸಾವಿರ."

ಬಸವಣ್ಣೆವ್ವ ಜೋಳದ ಚೀಲದ ಮೇಲೆ ಕುಸಿದು ಕೂತಳು. ಮಿಕ್ಕಿದ್ದನ್ನು ಓದು ಎಂದು ಕೈಸನ್ನೆ ಮಾಡಿದಳು. ನಾನು ಕೊನೆಯವರೆಗೂ ಓದಿದೆ, ನನ್ನ ಸಾಲನ್ನೂ ಓದಿದೆ. ಆಕೆ ಯಾರನ್ನೂ ನೋಡದೆ ಅಂದಳು, "ನಮ್ಮ ಗಿರಣಿಗೆ ಎರಡ ಅರ್ಥಿಂಗ್ ಅದಾವು. ಸಣ್ಣಾಕಿದ್ದಾಗ ಅದರ ಕಟ್ಟಿ ಮ್ಯಾಲ ಕುಂತು ಆಡತಿದ್ಲು."

ಮೌನೇಶನ ಮುಖವನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವನು ದಾವಲಬಿಯ ಮೇಲೆ ಏರಿಹೋಗುತ್ತಾನೆ ಎಂದುಕೊಂಡಿದ್ದೆ, ನಡುವೆ ನಿಲ್ಲಲು ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ. ಅವನು ಅತ್ತೆಯ ಹತ್ತಿರ ಹೋಗಿ ನೆಲದ ಮೇಲೆ ಕೂತ.

"ಹಂಗಾದ್ರ ಆಕಿಗೆ ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಅತ್ತಿ? ಎಲ್ಲಾರಿಗೂ ಕಾಣತಾಳ, ನನಗೊಬ್ಬಂವಗ ಕಾಣವಲ್ಲಳು. ಸಿಟ್ಟಾಗ್ಯಾಳ ಅನಕೊಂಡಿದ್ದೆ."

ಬಸವಣ್ಣೆವ್ವ ಹಿಟ್ಟಿನ ಕೈಯಲ್ಲೇ ಅವನ ತಲೆ ಹಿಡಿದುಕೊಂಡಳು. "ಇಲ್ಲೋ ನನ್ನಪ್ಪ. ಸಿಟ್ಟ ನಂದಿತ್ತು. ಆಕಿದಲ್ಲ," ಎಂದು ಬಾಯಿ ಬಿಟ್ಟು ಅತ್ತಳು. ಅವನೂ ಅತ್ತ. ಎಂಟು ತಿಂಗಳಲ್ಲಿ ಅವನು ಅತ್ತದ್ದನ್ನು ನಾವು ಕಂಡದ್ದು ಅದೇ ಮೊದಲು. ಆಮೇಲೆ ಆಕೆಯೇ ಅವನನ್ನು ಎಬ್ಬಿಸಿ, "ಹೋಗು, ಶಾಲಿ ಬಿಡೂ ಹೊತ್ತಾತು. ಕೂಸನ್ನ ನೀನ ಕರಕೊಂಬಾ," ಎಂದಳು. ಅವನು ಬಿಸ್ಕಿಟ್ ಪುಡಿಕೆ ಹಿಡಿದು ಹೋದ.

ದಾವಲಬಿ ಬಾಗಿಲ ಹೊರಗೇ ನಿಂತಿದ್ದಳು, ಮುಂದೆ ಏನಾದರೂ ಬಂದು ಬೀಳುತ್ತದೆ ಎಂಬಂತೆ. ಬಸವಣ್ಣೆವ್ವ ನನ್ನಿಂದ ಕಾಗದ ಇಸಿದುಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು. "ಇದನ್ನ ಪೊಲೀಸರಿಗೆ ಕೊಡ್ತೀನೋ ಇಲ್ಲೋ, ಇವತ್ತ ನನಗ ತಿಳಿಯವಲ್ದು. ನೀವು ಹೋಗ್ರಿ," ಎಂದಳು. ಅಷ್ಟೇ. ಹಾಳಾಗು, ಮಣ್ಣಾಗು ಎಂದು ಏನೂ ಅನ್ನಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ದಾವಲಬಿ ಒಂದೇ ಮಾತು ಆಡಿದಳು: "ಒಂದ್ ಏಟರ ಹೊಡೀಬೇಕಿತ್ರಿ ಆಕಿ."

ವಾರದೊಳಗೆ ಮೌನೇಶ ಖೋಲಿ ಬಿಟ್ಟ, ಮುಂಡರಗಿಯಲ್ಲೇ ಕೆಲಸ ಹಿಡಿಯುತ್ತೇನೆಂದ. ಸಾಮಾನು ಒಯ್ಯಲು ಬಂದಾಗ ದಾವಲಬಿ ಅಡ್ವಾನ್ಸಿನ ಜೊತೆ ಎಂಟು ತಿಂಗಳ ಬಾಡಿಗೆಯನ್ನೂ ಇಟ್ಟಳು. ಅವನು ಅಡ್ವಾನ್ಸ್ ಮಾತ್ರ ಎಣಿಸಿಕೊಂಡ, ಉಳಿದದ್ದನ್ನು ಮುಟ್ಟಲಿಲ್ಲ. ಹೊರಡುವಾಗ ಮೊದಲ ಸಲ ಆಕೆಯ ಮುಖ ನೋಡಿ ಮಾತಾಡಿದ.

"ಮುಂದ ಬರೋರಿಗೆ ಖರೆ ಹೇಳ್ರಿ ಚಾಚಿ. ದೆವ್ವ ಐತಿ ಅಂತ ಯಾರೂ ಅನ್ನಬಾರ್ದು. ನನ್ನ ಹೆಂಡತಿ ದೆವ್ವ ಅಲ್ಲ."

ಆ ಕಾಗದ ಇನ್ನೂ ಪೊಲೀಸರಿಗೆ ಹೋಗಿಲ್ಲ. ಹೋಗುವುದಿಲ್ಲ ಎಂದು ಯಾರೂ ಹೇಳಿಲ್ಲ. ಅಫ್ರೀನ ಮೂರು ತಿಂಗಳು ತಾಯಿಯ ಫೋನು ಎತ್ತಲಿಲ್ಲ, ಈಗ ಎತ್ತುತ್ತಾಳೆ. ನಾನು ಈಗ ಮನೆ ನೋಡದೆ ಕರಾರು ಬರೆಯುವುದಿಲ್ಲ, ಅದಕ್ಕೇ ನನ್ನ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಿದ್ದಾರೆ. ಹೋಗಲಿ. ದಾವಲಬಿಯ ಮನೆಯನ್ನು ಮೊದಲು ನೋಡಿಬಂದೆ, ರಫೀಕನ ಕೈಯಿಂದ ಬೋರ್ಡು ಬೋರ್ಡು ಬಿಚ್ಚಿಸಿದೆ. ಎಲ್ಲ ಗಟ್ಟಿಯಾಗಿದೆ. ಆದರೂ ಖೋಲಿಗಳು ಖಾಲಿಯೇ, ಏಕೆಂದರೆ ಬಾಡಿಗೆ ಕೇಳಲು ಬಂದವರನ್ನೆಲ್ಲ ಆಕೆ ಮೊದಲು ಕಟ್ಟೆಯ ಮೇಲೆ ಕೂರಿಸಿ ಆದದ್ದನ್ನೆಲ್ಲ ಹೇಳುತ್ತಾಳೆ. ಹೋದ ವಾರ ಮಲ್ಲಸಮುದ್ರದಿಂದ ಗಂಡ-ಹೆಂಡತಿ ಬಂದಿದ್ದರು. ಖೋಲಿ ಮನಸ್ಸಿಗೆ ಬಂದಿತ್ತು. ಕೇಳಿ ಮುಗಿಸಿದ ಮೇಲೆ ಆ ಹೆಂಗಸು ಒಳಗಿಟ್ಟ ಕಾಲನ್ನು ಹೊರಗೆ ತೆಗೆದಳಂತೆ. ಸೊಸೈಟಿಯವರು ಎರಡು ನೋಟಿಸು ಕಳಿಸಿದ್ದಾರೆ. ಕಂತಿಗೆಂದು ಆಕೆಯ ಕೈಯ ಬಂಗಾರದ ಬಳೆಗಳೂ ಹೋಗಿವೆ.

ನಿನ್ನೆ ಅಂಗಡಿಗೆ ಬಂದಾಗ ನಾನು ಬೈದೆ. "ಮನಿ ಈಗ ನೆಟ್ಟಗೈತಿ, ನಾನ ನೋಡೀನಿ. ನಾಕ ಮಾತಿನ್ಯಾಗ ಹೇಳಿ ಮುಗಸು. ಪುರಾಣ ಹಚ್ಚಿದ್ರ ಯಾರ ಉಳೀತಾರ?"



"ನಾಕ ಮಾತಿನ್ಯಾಗ ಮುಗಸಬೇಕಂತನ ಸುರು ಮಾಡ್ತೀನ್ರಿ ಅಣ್ಣಾರ," ಎಂದಳು. "ನಳ ಬಂತು ಅಂತ ಹೇಳ್ತೀನಿ. ಆಕಿ ಮೋಟರ್ ಹಚ್ಚಾಕ ಏಳತಾಳ. ಅಲ್ಲಿಗೆ ಬಂದಾಗ ನಿಂತಬಿಡ್ತೀನಿ. ಹೇಳಿದಾಗೆಲ್ಲಾ ಅನಸ್ತೈತಿ, ಈ ಸಲ ಓಡಿ ಹೋಗಿ ಆಕಿ ಕೈ ಹಿಡೀತೀನಿ ಅಂತ."